ಮಗನ ಪಾಲಿನ ಗುಳಿಗಿ

ಗುಳೇದಗುಡ್ಡದ ರಾಮಲಿಂಗಪ್ಪನಿಗೆ ಜೈಲಿನ ಮೇಲೆ ಅಷ್ಟೇನೂ ಸಿಟ್ಟಿರಲಿಲ್ಲ, ಇದ್ದದ್ದೆಲ್ಲ ಜೈಲಿಗೆ ಬರುವ ಡಾಕ್ಟರಬಾಯಿಯ ಮೇಲೆ. ಜೈಲಿಗೆ ಬಂದದ್ದಕ್ಕಾದರೂ ಒಂದು ಕಾರಣವಿತ್ತು. ಪಕ್ಕದ ಮನೆಯ ದೇವಪ್ಪ ಹಿತ್ತಲಿನಲ್ಲಿ ಪವರ್‌ಲೂಮ್ ಕೂಡಿಸಿದ್ದ. ಅದು ಗಡಗಡ ಶುರುವಾಯಿತೆಂದರೆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಇವರ ಕುಣಿಮಗ್ಗದ ಗೋಡೆಯ ಮಣ್ಣು ಉದುರಿ ಹಾಸಿನ ಎಳೆಗಳ ಮೇಲೆ ಬೀಳುತ್ತಿತ್ತು. ಹೇಳಿ ಹೇಳಿ ಸಾಕಾಗಿತ್ತು. ಒಂದು ಮುಂಜಾನೆ ಕುಣಿಯ ಒಂದು ಬದಿಯೇ ಕುಸಿದು, ಅರ್ಧ ನೇಯ್ದ ಕುಪ್ಪಸದ ಖಣವೆಲ್ಲ ಮಣ್ಣಾಯಿತು. ಮಗ ವೀರೇಶ ಹಿಂದೆಮುಂದೆ ನೋಡದೆ ಓಡಿಹೋಗಿ ದೇವಪ್ಪನ ಎದೆಗೆ ಕೈಹಚ್ಚಿ ನೂಕಿದ. ದೇವಪ್ಪ ಕಟ್ಟೆಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಪೊಲೀಸರು ಬಂದಾಗ ರಾಮಲಿಂಗಪ್ಪ, “ನೂಕಿದಾಂವ ನಾ ರೀ,” ಎಂದ. ವೀರೇಶ, “ಅಲ್ರಿ, ನಾ,” ಎಂದ. ಪೊಲೀಸರು ಇಬ್ಬರ ಮಾತನ್ನೂ ನಂಬಿ ಇಬ್ಬರನ್ನೂ ಜೀಪು ಹತ್ತಿಸಿದರು. ಇದು ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲದ ಮಾತು.

ಬಾಗಲಕೋಟೆಯ ವಕೀಲರು ಇವತ್ತು ಜಾಮೀನು, ನಾಳೆ ಜಾಮೀನು ಅನ್ನುತ್ತಲೇ ಇದ್ದರು. ತಂದೆ ಮಗ ಒಂದೇ ಬರಾಕಿನಲ್ಲಿ, ಒಂದೇ ಗೋಡೆಗೆ ತಲೆ ಮಾಡಿ ಮಲಗುತ್ತಿದ್ದರು. ಹೆಂಡತಿ ಕಾಳವ್ವ ಮನೆ, ಮಗ್ಗ ಎರಡನ್ನೂ ಒಬ್ಬಳೇ ಎಳೆಯುತ್ತ, ಭೇಟಿಯ ದಿನ ಮಾತ್ರ ಬಸ್ಸು ಹಿಡಿದು ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಬರುತ್ತಿದ್ದಳು.

ಇನ್ನು ಆ ಡಾಕ್ಟರಬಾಯಿ. ಹೆಸರು ಶೈಲಶ್ರೀ, ಹುನಗುಂದದ ಕಡೆಯವಳು, ವಯಸ್ಸು ಮೂವತ್ತರ ಒಳಗೆ. ವಾರಕ್ಕೆ ಎರಡು ಸಲ ಜೈಲಿಗೆ ಬರುತ್ತಿದ್ದಳು. ಅವಳು ಬರುವ ಮೊದಲು ಜೈಲಿನಲ್ಲಿ ಗುಳಿಗಿಗೆ ಬರವಿರಲಿಲ್ಲ. ನೆಗಡಿ ಎಂದರೆ ಒಂದು ಕ್ಯಾಪ್ಸೂಲು, ಬೆನ್ನು ನೋವು ಎಂದರೂ ಅದೇ ಕ್ಯಾಪ್ಸೂಲು. ಸರಳಿನ ಹೊರಗೆ ಕೈ ಚಾಚಿದವರಿಗೆಲ್ಲ ಹಂಚುತ್ತಿದ್ದರು. ಎರಡು ನುಂಗಿ ಆರಾಮಾದರೆ ಉಳಿದದ್ದನ್ನು ಚೀಲದಲ್ಲಿ ಕಟ್ಟಿಡುವುದು, ಮುಂದೆ ಯಾರಿಗಾದರೂ ಜಡ್ಡಾದರೆ ಕೊಡುವುದು. ಅದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ರೊಟ್ಟಿ ಹಂಚಿ ತಿನ್ನುವ ಜನ ಗುಳಿಗಿಯನ್ನು ಹಂಚಿಕೊಳ್ಳದೆ ಇರುತ್ತಾರೆಯೇ? ಈ ಬಾಯಿ ಬಂದವಳೇ ಅದನ್ನೆಲ್ಲ ನಿಲ್ಲಿಸಿಬಿಟ್ಟಳು. ಚೀಲಗಳನ್ನು ಬಿಚ್ಚಿಸಿದಳು. ಬೇಕಾದವರಿಗೆ ಮಾತ್ರ ಔಷಧ, ಅದೂ ಕಾವಲಿನ ನಜೀರಸಾಬನ ಕಣ್ಣೆದುರಿಗೆ ನುಂಗಬೇಕು ಎಂದಳು.

“ಸರಕಾರದ ಗುಳಿಗಿ. ಇಕಿ ತನ್ನ ತವರಮನಿಯಿಂದ ತಂದಂಗ ಮಾಡ್ತಾಳ,” ಎಂದು ದುಂಡೇಶ ಬರಾಕಿನಲ್ಲಿ ಎಲ್ಲರನ್ನೂ ನಗಿಸಿದ. ದುಂಡೇಶ ಇಳಕಲ್ಲಿನವನು, ಮೋಟಾರ್‌ಸೈಕಲ್ ಕದ್ದ ಕೇಸಿನಲ್ಲಿ ಬಂದವನು. ಅವನ ನಾಲಗೆಗೆ ಲಗಾಮಿರಲಿಲ್ಲ.

ರಾಮಲಿಂಗಪ್ಪನಿಗೆ ಹಳೆಯ ಕೆಮ್ಮು. ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದವನು, ಮೇಲೆ ಬೀಡಿ. ಜೈಲಿನ ತಂಪಿಗೆ ಅದು ಜೋರಾಯಿತು. ತನ್ನ ಪಾಳಿ ಬಂದಾಗ ಅಂಗಿ ಎತ್ತಿ ನಿಂತ. ಡಾಕ್ಟರಬಾಯಿ ಎದೆ, ಬೆನ್ನು ಎಲ್ಲ ಕಡೆ ನಳಿಗೆ ಇಟ್ಟು ಕೇಳಿದಳು.

“ಕಾಕಾ, ಇದು ನೂಲಿನ ಧೂಳಿನ ಕೆಮ್ಮು. ಬಿಸಿನೀರು ಕುಡೀರಿ, ಬೀಡಿ ಬಿಡ್ರಿ,” ಎಂದಳು.

“ಗುಳಿಗಿ?”

“ಆ ಗುಳಿಗಿ ಜಡ್ಡಿನ ಹುಳಾ ಸಾಯಾಕ ಕೊಡೂದು. ನಿಮ್ಮ ಎದ್ಯಾಗ ಹುಳಾ ಇಲ್ಲ, ಧೂಳೈತಿ. ಅದು ನಿಮಗ ಏನೂ ಮಾಡೂದಿಲ್ಲ. ಹಿಂಗ ಬೇಕಾದವ್ರಿಗೂ ಬ್ಯಾಡಾದವ್ರಿಗೂ ಕೊಟ್ಟರ ನಾಳೆ ಖರೇನ ಜಡ್ಡಾದಾಗ ಅದು ನಾಟೂದಿಲ್ಲ.”

“ಅಂದ್ರ ನನಗ ಔಷಧ ಇಲ್ಲ ಅಂದಂಗಾತು.”

“ಬ್ಯಾಡ ಅನ್ನೂದೂ ಔಷಧಾನ ಕಾಕಾ,” ಎಂದು ಅವಳು ನಕ್ಕಳು.

ಆ ನಗು ಅವನಿಗೆ ಚುಚ್ಚಿತು. ಅವಳ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಹತ್ತು ಜನರ ಎದುರಿಗೆ ಅಂಗಿ ಎತ್ತಿ ನಿಂತು ಬರಿಗೈಯಲ್ಲಿ ತಿರುಗಿದವನಿಗೆ ಸರಿ ತಪ್ಪು ಎಲ್ಲಿ ತೋರುತ್ತದೆ? ಬರಾಕಿಗೆ ಬಂದು ಕೂತವನು ಊಟದ ತನಕ ಬೈದ. ಮಾರನೆಯ ದಿನವೂ ಬೈದ. ಎಳೆಯ ಹುಡುಗರಿಗೆ ಕೊಡುತ್ತಾಳೆ, ಹಿರಿಯ ಮನುಷ್ಯನಿಗೆ ಇಲ್ಲ ಅನ್ನುತ್ತಾಳೆ; ನೇಕಾರ ಕೆಮ್ಮಿ ಸತ್ತರೆ ಇವಳ ಗಂಟೇನು ಹೋಗುತ್ತದೆ. ಮಗ ಸುಮ್ಮನೆ ಕೇಳುತ್ತಿದ್ದ.

ವೀರೇಶನಿಗೆ ಇನ್ನೊಂದು ಸಂಕಟವಿತ್ತು. ಅಪ್ಪ ಕೆಮ್ಮಲು ಶುರು ಮಾಡಿದರೆ ಬರಾಕಿನ ಜನ ಹೊರಳಾಡಿ ಗೊಣಗುತ್ತಿದ್ದರು. ದುಂಡೇಶನಂತೂ, “ಕಾಕಾ, ನಿನ್ನ ಕೆಮ್ಮಿಗೆ ಒಂದು ಬ್ಯಾರೆ ಖೋಲಿ ಬಾಡಿಗಿ ಹಿಡಿ,” ಎನ್ನುತ್ತಿದ್ದ. ಊರಲ್ಲಿ ಓಣಿಯ ಪಂಚಾಯಿತಿಗೆ ಕೂಡುವ ಮನುಷ್ಯ ಇಲ್ಲಿ ಬಾಯಿಗೆ ಟವೆಲ್ಲು ತುರುಕಿಕೊಂಡು ಕೆಮ್ಮುವುದನ್ನು ಮಗ ನೋಡುತ್ತಿದ್ದ. ಅಪ್ಪ ಯಾರ ಸಲುವಾಗಿ ಇಲ್ಲಿ ಕೂತಿದ್ದಾನೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಸರಾದ ಹೊತ್ತಿಗೆ ವೀರೇಶನಿಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಅನ್ನ ಸೇರದು, ತಲೆ ಎತ್ತಲಾಗದು. ಡಾಕ್ಟರಬಾಯಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಟೈಫಾಯ್ಡ್ ಎಂದಳು. ಕುಡಿಯುವ ನೀರನ್ನು ಕುದಿಸಲು ಹೇಳಿ ಜೈಲಿನವರ ಜೊತೆ ಜಗಳವಾಡಿದಳು. ವೀರೇಶನ ಹಾಸಿಗೆಯ ಹತ್ತಿರ ಮೊಣಕಾಲೂರಿ ಕೂತು, ಬಿಡಿಸಿ ಬಿಡಿಸಿ ಹೇಳಿದಳು:

“ತಮ್ಮಾ, ಇದು ಕರುಳಿನ ಜ್ವರ. ಮುಂಜಾನೆ ಒಂದು, ಸಂಜಿಕ ಒಂದು ಗುಳಿಗಿ. ಎರಡು ವಾರ. ಜ್ವರ ಬಿಟ್ಟಿತು ಅಂತ ನೀ ಗುಳಿಗಿ ಬಿಟ್ಟಿ ಅಂದ್ರ ಅದು ಒಳಗ ಕುಂತಿರ್ತೈತಿ. ತಿರುಗಿ ಬಂದ್ರ ಕರುಳು ತೂತು ಬೀಳ್ತಾವು. ತಿಳೀತಿಲ್ಲೋ?”

ವೀರೇಶ ಹೂಂ ಎಂದ. ರಾಮಲಿಂಗಪ್ಪ ಅಲ್ಲೇ ಗೋಡೆಗೆ ಮುಖ ಮಾಡಿ ಕೂತಿದ್ದ. ಮಾತು ಅವನ ಕಿವಿಗೂ ಬಿತ್ತು. ಆದರೆ ಅವನು ಅವಳ ಮೇಲೆ ಮುನಿಸಿಕೊಂಡವನು, ಇತ್ತ ತಿರುಗಲಿಲ್ಲ. ಆ ಮುನಿಸಿಗೆ ಬೆಂಕಿ ಬೀಳಲಿ.

ದಿನಾ ಎರಡು ಹೊತ್ತು ನಜೀರಸಾಬ ಗುಳಿಗಿ, ನೀರು ತಂದು ಎದುರಿಗೆ ನಿಂತು ನುಂಗಿಸುತ್ತಿದ್ದ. “ಆ ಮಾಡಪಾ,” ಎಂದು ಬಾಯಿ ತೆರೆಸಿ ನೋಡುತ್ತಿದ್ದ. ಒಂದು ವಾರವಾಗುತ್ತಲೇ ಜ್ವರ ಬಿಟ್ಟಿತು. ವೀರೇಶ ಎದ್ದು ಕೂತು ಅವ್ವ ತಂದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದ. ಕಾಳವ್ವ ಸರಳಿನ ಆಚೆ ನಿಂತು ಅವನು ತಿನ್ನುವುದನ್ನು ನೋಡಿ, ಊರಿನ ದೇವರಿಗೆಲ್ಲ ಕೈ ಮುಗಿದು ಹೋದಳು.

ಅವತ್ತೇ ಸಂಜೆ ವೀರೇಶ ಅಪ್ಪನ ಕೈಯಲ್ಲಿ ಒಂದು ಬಿಳಿ ಗುಳಿಗಿ ಇಟ್ಟ.

“ನಿನಗಂತ ಕೊಟ್ಟಾರ ಡಾಕ್ಟರಬಾಯಾರು. ನಾ ಕೇಳಿಕೊಂಡೆ. ಯಾರ ಮುಂದೂ ಅನಬ್ಯಾಡ ಅಂದಾರ, ಎಲ್ಲಾರೂ ಗಂಟು ಬೀಳ್ತಾರಂತ.”

“ಅಕಿ ಕೊಟ್ಟಳು?”

“ಹೂಂ. ದಿನಾ ಎರಡು ಕೊಡ್ತಾರಂತ. ನನ್ನ ಕೈಯಾಗ ಕೊಡ್ತಾರ. ನೀ ನುಂಗು.”

ರಾಮಲಿಂಗಪ್ಪ ನುಂಗಿದ. ಗುಳಿಗಿ ಹಸಿಯಾಗಿತ್ತು. ಮಗನ ಅಂಗೈ ಬೆವರಿರಬೇಕು ಎಂದುಕೊಂಡ.

ಇಲ್ಲಿ ನೇಕಾರರ ಒಂದು ಮಾತು ಹೇಳಬೇಕು. ಕುಣಿಮಗ್ಗದಲ್ಲಿ ಎಳೆ ಹರಿದರೆ ಎರಡೂ ಕೈ ಬೇಕು, ಹೊಸ ಎಳೆಯ ತುದಿಯನ್ನು ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಅದನ್ನು ದವಡೆಯ ಸಂದಿಯಲ್ಲಿ ಹಿಡಿದುಕೊಳ್ಳುತ್ತಾರೆ. ಹಿಡಿದುಕೊಂಡೇ ಮಾತಾಡುತ್ತಾರೆ, ನಗುತ್ತಾರೆ, ಬಂದವರನ್ನು ವಿಚಾರಿಸುತ್ತಾರೆ. ಬಾಯಲ್ಲಿ ಎಳೆ ಇದೆ ಎಂದು ಎದುರಿಗಿದ್ದವರಿಗೆ ಗೊತ್ತೇ ಆಗದು. ವೀರೇಶನಿಗೆ ಅದನ್ನು ಕಲಿಸಿದವನು ರಾಮಲಿಂಗಪ್ಪನೇ, ಹುಡುಗ ಸಾಲಿ ಬಿಟ್ಟು ಮಗ್ಗಕ್ಕೆ ಕೂತ ವರ್ಷ. ಪಾಪ, ನಜೀರಸಾಬನಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅವನು ಬಾಯಿ ತೆರೆಸಿ ನಾಲಗೆ ಎತ್ತಿಸಿ ನೋಡುತ್ತಿದ್ದ, ನೀರು ಗಂಟಲಲ್ಲಿ ಇಳಿದದ್ದು ಕಾಣುತ್ತಿತ್ತು, ಹೋಗುತ್ತಿದ್ದ.

ರಾಮಲಿಂಗಪ್ಪನ ಕೆಮ್ಮು ಇಳಿದ ಹಾಗೆ ಕಂಡಿತು. ಮಳೆ ಹಿಂದಾಗಿ ಬಿಸಿಲು ಬಿದ್ದಿತ್ತು, ಬೀಡಿ ತರಿಸಿಕೊಳ್ಳುವುದೂ ಕಡಿಮೆಯಾಗಿತ್ತು. ಆದರೆ ಅವನ ಲೆಕ್ಕದಲ್ಲಿ ಅದೆಲ್ಲ ಗುಳಿಗಿಯ ಗುಣ. ಡಾಕ್ಟರಬಾಯಿ ಮುಂದಿನ ಸಲ ಬಂದಾಗ ಅವಳಿಗೆ ಮಾತ್ರ ಕಾಣುವ ಹಾಗೆ ಕೈ ಮುಗಿದು, ಒಳಗಿನ ಗುಟ್ಟು ಗೊತ್ತಿದ್ದವರ ನಗು ನಕ್ಕ. ಕಾಕಾನ ಸಿಟ್ಟು ಇಳಿಯಿತು ಎಂದುಕೊಂಡು ಅವಳೂ ನಕ್ಕಳು. ವೀರೇಶ ಇಬ್ಬರನ್ನೂ ನೋಡಿ ತಲೆ ತಗ್ಗಿಸಿದ.

“ಅಪ್ಪಾ, ಕೆಮ್ಮ ಕಡಿಮಿ ಆಗೈತಿ ಹೌದಿಲ್ಲೋ?” ಎಂದು ಆಮೇಲೆ ಕೇಳಿದ.

“ಭಾಳ ಛಲೋ ಔಷಧಪಾ. ಮದಲಽ ಕೊಟ್ಟಿದ್ರ ನಾ ಯಾಕ ಬೈತಿದ್ದೆ?”

ಹುಡುಗನ ಮುಖ ಅರಳಿತು. ಜೈಲಿಗೆ ಬಂದ ಮೇಲೆ ಅಂಥ ಮುಖವನ್ನು ರಾಮಲಿಂಗಪ್ಪ ನೋಡಿರಲಿಲ್ಲ.

ಜ್ವರ ತಿರುಗಿ ಬಂದಾಗ ವೀರೇಶ ಯಾರಿಗೂ ಹೇಳಲಿಲ್ಲ. ಹೇಳಿದರೆ ಗುಳಿಗಿಯ ಮಾತು ಬರುತ್ತದೆ, ಅಪ್ಪನಿಗೆ ಗೊತ್ತಾಗುತ್ತದೆ. ಹೊದ್ದುಕೊಂಡು ಮಲಗಿ, ಬೇಸರ ಎಂದ. ಊಟ ಬೇಡವೆಂದರೆ, ಅವ್ವನ ನೆನಪು ಎಂದ. ಹೀಗೆ ಕೆಲವು ದಿನ ಎಳೆದ. ಒಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದ. ನಜೀರಸಾಬ ಓಡಿ ಬಂದು ಮುಟ್ಟಿ ನೋಡಿದ. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಜೀಪಿನಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಒಯ್ದರು. ಗೇಟಿನ ಹೊರಗೆ ರಾಮಲಿಂಗಪ್ಪನನ್ನು ಬಿಡಲಿಲ್ಲ.

ಸಂಜೆ ಡಾಕ್ಟರಬಾಯಿ ಬಂದು ಅವನನ್ನು ತನ್ನ ಖೋಲಿಗೆ ಕರೆಸಿದಳು. ಅವಳ ಮುಖ ಬಾಡಿತ್ತು.

“ಕಾಕಾ, ಕರುಳು ತೂತಾಗೈತಿ. ಆಪರೇಶನ್ ಮಾಡಾಕತ್ತಾರ. ಈಗ ಯಾವ ಔಷಧ ಏರಿಸಬೇಕು ಅಂತ ಅವರು ನನ್ನ ಕೇಳ್ತಾರ. ನಾ ಕೊಟ್ಟ ಗುಳಿಗಿ ಅಂವಾ ಎಲ್ಲಾ ನುಂಗಿದ್ದರ ಈ ಹುಳಾ ಆ ಔಷಧಕ್ಕ ಬಗ್ಗಿಲ್ಲ ಅಂತಾಯ್ತು, ಬ್ಯಾರೆದು ಹಿಡೀಬೇಕು. ಎಲ್ಲಾ ನುಂಗಾನೇನು? ನೀವು ಮಗ್ಗಲಾಗ ಇದ್ರಿ, ಖರೆ ಹೇಳ್ರಿ.”

“ನುಂಗಾನ್ರಿ. ನಜೀರಸಾಬನ ಮುಂದಽ ನುಂಗತಿದ್ದ.”

“ಇದನ್ನ?” ಎಂದು ಅವಳು ಮೇಜಿನ ಮೇಲಿನ ಡಬ್ಬಿಯಿಂದ ಒಂದು ಗುಳಿಗಿ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದಳು. ಉದ್ದನೆಯ ಬಿಳಿ ಗುಳಿಗಿ, ನಡುವೆ ಒಂದು ಗೆರೆ.

ರಾಮಲಿಂಗಪ್ಪ ಅದನ್ನು ನೋಡಿದ. ಅವಳ ಮುಖ ನೋಡಿದ. ಮತ್ತೆ ಗುಳಿಗಿ ನೋಡಿದ.

“ಇದು ನನ್ನ ಗುಳಿಗಿ ಅಲ್ಲೇನ್ರಿ? ಕೆಮ್ಮಿಗೆ ನೀವು ಕೊಟ್ಟಿದ್ದು?”

“ನಾ ನಿಮಗ ಯಾವಾಗ ಕೊಟ್ಟೆ ಕಾಕಾ?”

ಹಸಿ ಗುಳಿಗಿ. ದಿನಾ ಎರಡು ಹೊತ್ತು, ನಜೀರಸಾಬ ಬಂದು ಹೋದ ಮೇಲೆ. ದವಡೆಯ ಸಂದಿಯಲ್ಲಿ ಎಳೆ ಹಿಡಿಯುವುದನ್ನು ಕಲಿಸಿದ್ದ ತಾನೇ. ಅವನು ಕುರ್ಚಿಯ ಮೇಲಿಂದ ಜಾರಿ ನೆಲಕ್ಕೆ ಕೂತ. ಕೂತಲ್ಲೇ ಎಲ್ಲವನ್ನೂ ಹೇಳಿದ. ಡಾಕ್ಟರಬಾಯಿ ಟೆಲಿಫೋನಿನತ್ತ ಓಡಿದಳು. ಇನ್ನು ಓಡಿದರೇನು? ಮೂರನೆಯ ದಿನಕ್ಕೆ ಹುಡುಗ ಹೋಗಿಬಿಟ್ಟ.

ಎಂಥ ಮಗ ಹೋದ ಎಂದು ಏನು ಹೇಳುವುದು. ಇಪ್ಪತ್ತೆರಡು ತುಂಬಿರಲಿಲ್ಲ. ಖಣದ ಅಂಚಿನಲ್ಲಿ ಅವನು ಎತ್ತುವ ಹೂವಿಗೆ ಗುಳೇದಗುಡ್ಡದಲ್ಲಿ ಸಾಟಿಯಿರಲಿಲ್ಲ. ಪೊಲೀಸರು ಕೈಗೆ ಬೇಡಿ ಹಾಕದೆ ರಾಮಲಿಂಗಪ್ಪನನ್ನು ಊರಿಗೆ ಕರೆತಂದು, ಮಣ್ಣು ಮಾಡಿದ ಮೇಲೆ ತಿರುಗಿ ಕರೆದೊಯ್ದರು. ಕಾಳವ್ವ ಮಗನ ಕಾಲು ಹಿಡಿದು ಅಳುತ್ತ, “ಜ್ವರದ ಹುಡುಗಗ ಔಷಧ ಕೊಡಲಿಲ್ಲ, ನನ್ನ ಕೂಸಿನ್ನ ಕೊಂದರು,” ಎಂದು ಹಾಡಿ ಹಾಡಿ ಅತ್ತಳು. ಡಾಕ್ಟರಬಾಯಿ ಔಷಧ ಕೊಡುವುದಿಲ್ಲ ಎಂದು ಗಂಡ ಭೇಟಿಯ ದಿನ ಬೈದದ್ದು ಅವಳ ಕಿವಿಯಲ್ಲಿತ್ತು. ಓಣಿಯೆಲ್ಲ ಅದನ್ನೇ ಹೇಳಿತು. ಅವಳ ಪಕ್ಕದಲ್ಲಿ ಕೂತ ಗಂಡ ನಿಜ ಹೇಳಬೇಕೆಂದು ಎರಡು ಸಲ ಅವಳ ಕಡೆ ತಿರುಗಿದ, ಆಗಲಿಲ್ಲ.

ಜೈಲಿನಲ್ಲಿದ್ದವರು ಸತ್ತರೆ ವಿಚಾರಣೆ ಆಗಲೇಬೇಕು. ಮ್ಯಾಜಿಸ್ಟ್ರೇಟ್ ಸಾಹೇಬರು ಬರುತ್ತಾರೆ ಎಂದು ಸುದ್ದಿ ಬಂದದ್ದೇ ತಡ, ದುಂಡೇಶ ಹತ್ತಿರ ಸರಿದು ಕೂತ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ; ಹುಡುಗ ಹೋದದ್ದಕ್ಕೆ ಅವನೂ ಅತ್ತಿದ್ದ.

“ಕಾಕಾ, ಇಷ್ಟಽ ಹೇಳು. ಆ ಬಾಯಿ ನಮಗ ಯಾರಿಗೂ ಔಷಧ ಕೊಡೂದಿಲ್ಲ, ನನ್ನ ಮಗಗೂ ಕೊಡಲಿಲ್ಲ ಅಂತ. ಉಳಿದದ್ದು ನಾವು ಹೇಳ್ತೇವಿ. ನಾಳೆನ ಅಕಿನ್ನ ಇಲ್ಲಿಂದ ಎತ್ತಿ ಒಗೀತಾರ. ಮತ್ತ ಮದಲಿನಂಗ ಗುಳಿಗಿ ಸಿಗ್ತಾವು. ಹೋದ ಹುಡುಗನ ಜೀವಾ ಅಷ್ಟಕ್ಕಾದ್ರೂ ಉಪಯೋಗ ಆಗಲಿ.”

ಹಾಗೆ ಹೇಳಿಬಿಟ್ಟರೆ ಕಾಳವ್ವನಿಗೆ ಗೊತ್ತಾಗುವುದಿಲ್ಲ ಎಂಬುದೊಂದೇ ರಾಮಲಿಂಗಪ್ಪನ ತಲೆಯಲ್ಲಿ ಸುತ್ತುತ್ತಿತ್ತು. ಡಾಕ್ಟರಬಾಯಿ ಹೋದರೆ ಹೋಗಲಿ, ಅವಳಿಗೆ ಇನ್ನೊಂದು ಊರು ಸಿಗುತ್ತದೆ. ತನಗೆ ಇನ್ನೊಬ್ಬ ಕಾಳವ್ವ ಎಲ್ಲಿಂದ ಸಿಗಬೇಕು? ಮಗನ ಔಷಧ ತಿಂದ ಗಂಡನನ್ನು ಅವಳು ಯಾವ ಕಣ್ಣಿನಿಂದ ನೋಡಿಯಾಳು?

ವಿಚಾರಣೆಯ ಮುಂಜಾನೆ ಶೈಲಶ್ರೀ ಆಫೀಸಿನ ಪಡಸಾಲೆಯಲ್ಲಿ ಎದುರಾದಳು.

“ನಾ ಏನು ಕೊಟ್ಟೆ ಅಂತ ನಾ ಹೇಳ್ತೇನಿ ಕಾಕಾ. ಅಂವಾ ಏನು ನುಂಗಿದಾ ಅನ್ನೂದು ನಿಮ್ಮ ಮಾತು. ನಿಮ್ಮ ಮನಿಯವ್ರ ಮುಂದ ನಾ ಅದನ್ನ ಎತ್ತೂದಿಲ್ಲ,” ಎಂದಳು. ಆಮೇಲೆ, “ಅವತ್ತು ನಾ ನಗಬಾರದಿತ್ತು. ಕುಂದ್ರಿಸಿಕೊಂಡು ಇನ್ನೊಂದೀಟು ತಿಳಿಸಿ ಹೇಳಬೇಕಿತ್ತು,” ಎಂದು ಕಣ್ಣು ಒರೆಸಿಕೊಂಡಳು.

ಒಳಗೆ ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ನಜೀರಸಾಬ ಗೋಡೆಗೆ ಒರಗಿ ನಿಂತಿದ್ದ. ಮೊದಲ ಪ್ರಶ್ನೆ ಅವನಿಗೇ ಆಗಿತ್ತು, ಅವನು ನುಂಗಿಸಿದೆ ಎಂದರೆ ಯಾರೂ ನಂಬಿದ ಹಾಗೆ ಕಾಣಲಿಲ್ಲ. ಕಾಳವ್ವ ನೆಲದ ಮೇಲೆ ಸೆರಗು ಹೊದ್ದು ಕೂತಿದ್ದಳು. ಬಳೆಯ ಕೈಗಳು ಇಷ್ಟೇ ದಿನದಲ್ಲಿ ಕಡ್ಡಿಯಾಗಿದ್ದವು. ಸಾಹೇಬರು ಕೇಳಿದ ಕೂಡಲೇ ಅವಳು, “ನನ್ನ ಮಗಗ ಔಷಧ ಕೊಡಲಿಲ್ರಿ ಎಪ್ಪಾ. ಕೊಟ್ಟಿದ್ರ ಉಳೀತಿದ್ದ,” ಎಂದಳು.

“ನೀವೇನು ಹೇಳ್ತೀರಿ?” ಎಂದು ಸಾಹೇಬರು ರಾಮಲಿಂಗಪ್ಪನತ್ತ ನೋಡಿದರು.

ಅವನು ಹೆಂಡತಿಯ ಕಡೆ ನೋಡಿದ. ಕೊಟ್ಟಿದ್ದರೆ ಉಳಿಯುತ್ತಿದ್ದ ಎಂಬ ಆ ಮಾತು ಅವನ ಎದೆಯಲ್ಲಿ ನಾಟಿತ್ತು. ಕೊಟ್ಟಿದ್ದರಲ್ಲ. ಎರಡು ಹೊತ್ತು ಕೊಟ್ಟಿದ್ದರಲ್ಲ. ಸುಳ್ಳು ಹೇಳಿದರೆ, ಅಪ್ಪನ ಸಲುವಾಗಿ ಹುಡುಗ ಏನು ಮಾಡಿದ ಎಂಬುದೂ ಅವನ ಜೊತೆಯಲ್ಲೇ ಮಣ್ಣಾಗುತ್ತದೆ. ಹೆತ್ತವಳಿಗೆ ಕೂಡ ತನ್ನ ಮಗ ಎಂಥವನಾಗಿದ್ದ ಎಂದು ತಿಳಿಯುವುದಿಲ್ಲ.

“ಔಷಧ ಕೊಟ್ಟಾರ್ರಿ,” ಎಂದ. “ಬಾಯಾರೂ ಸರಿಯಾಗಿ ಕೊಟ್ಟಾರ, ನಜೀರಸಾಬನೂ ಸರಿಯಾಗಿ ನುಂಗಿಸ್ಯಾನ. ಅವರದೇನೂ ತಪ್ಪಿಲ್ಲ. ಜ್ವರ ಬಿಟ್ಟ ಮ್ಯಾಲ ನನ್ನ ಮಗಾ ಅದನ್ನ ದವಡ್ಯಾಗ ಹಿಡಕೊಂಡು ನನಗ ಕೊಟ್ಟಾನ. ನನ್ನ ಕೆಮ್ಮಿಗೆ. ಬಾಯಾರು ನನಗ ಗುಳಿಗಿ ಬ್ಯಾಡ ಅಂದಿದ್ರು, ನಾ ದಿನಾ ಅದನ್ನ ಹಿಡಕೊಂಡು ಒದರತಿದ್ದೆ. ಅಂವಾ ನನ್ನ ಒದರಾಟ ಕೇಳಲಾರದ ತಂದು ಕೊಟ್ಟ. ನಾ ತಿಂದೆ. ಗುಳಿಗಿ ಹಸಿ ಇರ್ತಿತ್ರಿ. ನನಗ ತಿಳೀಬೇಕಿತ್ತು. ತಿಳಕೋಬೇಕು ಅಂತ ನನಗಽ ಇರಲಿಲ್ಲೇನೋ. ಮಗನ ಪಾಲಿಂದು ನಾ ತಿಂದೇನ್ರಿ.”

ಡಾಕ್ಟರಬಾಯಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ರಾಮಲಿಂಗಪ್ಪ ಕಾಯುತ್ತಿದ್ದ. ಕಾಳವ್ವ ಎದ್ದು ಬರಲಿ, ಎಲ್ಲರ ಎದುರಿಗೆ ಕೆನ್ನೆಗೆ ಹೊಡೆಯಲಿ, ಮಣ್ಣು ತೂರಲಿ. ಏನು ಮಾಡಿದರೂ ಅದು ತನಗೆ ಸಲ್ಲಬೇಕಾದದ್ದೇ. ಅವಳು ಎದ್ದಳು. ಹತ್ತಿರ ಬಂದಳು. ಸೆರಗು ಸರಿದು ಅವಳ ಮುಖ ಕಂಡಿತು. ಅದರಲ್ಲಿ ಸಿಟ್ಟು ಇರಲಿಲ್ಲ, ಅದೇ ಅವನಿಗೆ ತಡೆಯಲಾಗದ್ದು.

“ಕೆಮ್ಮ ಹೋತೇನ್ರಿ?” ಎಂದು ಕೇಳಿದಳು.

ಚುಚ್ಚಿ ಕೇಳಿದ್ದಲ್ಲ. ಊರಿಂದ ಬಂದವರನ್ನು ವಿಚಾರಿಸುವ ಹಾಗೆ, ಗೊತ್ತಾಗಬೇಕೆಂದೇ ಕೇಳಿದಳು. ಅವನು ಉತ್ತರ ಹೇಳಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಎದೆಯ ಆಳದಿಂದ ಎದ್ದು, ಅವನನ್ನು ಬಗ್ಗಿಸಿ, ಮೇಜು ಹಿಡಿದು ನಿಲ್ಲುವ ಹಾಗೆ ಮಾಡಿತು. ಅದು ನಿಲ್ಲುವ ತನಕ ಕಾಳವ್ವ ಅಲ್ಲೇ ನಿಂತು, ಅವನ ಬೆನ್ನ ಮೇಲೆ ಕೈ ಆಡಿಸಿದಳು.

“ಕೆಮ್ಮಾದ್ರೂ ಹೋಗಬೇಕಿತ್ತು,” ಎಂದಳು.